ಕಪಾಟಿನೊಳಗಿನ ಸೋದರಳಿಯ

"ಅದರ ಕಾಲು ಮಡಚ್ರೀ, ಬಾಗಿಲು ಹಾಕೋಕಾಗ್ತಿಲ್ಲ," ಎಂದು ಹೆಂಡತಿ ಪಿಸುಗುಟ್ಟಿದಳು. ಸತ್ತವಳ ತಮ್ಮ ಅವಳು ಸಾಕಿಕೊಂಡಿದ್ದ ರೋಬೊ ಮಗುವಿನ ಮೊಣಕಾಲುಗಳನ್ನು ಅದರ ಎದೆಗೆ ಒತ್ತಿ, ಕಪಾಟಿನೊಳಗೆ ತುರುಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಹೊಲಿಗೆ ಮಿಷನ್ನನ್ನು ಗೋಡೆಗೆ ಸರಿಸಿ, ಆ ಜಾಗದಲ್ಲಿ ಅಕ್ಕನನ್ನು ಮಲಗಿಸಿದ್ದರು. ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತ ಬದುಕು ಸವೆಸಿದವಳು. ದೇವರು ಅವಳಿಗೊಂದು ಮಗುವನ್ನು ಕೊಡಲಿಲ್ಲ.

ದಾರದಂಗಡಿಯ ಅಜ್ಜಿ ಬಂದವಳೇ ಸುತ್ತ ನೋಡಿದಳು. "ಮಗು ಎಲ್ಲಪ್ಪಾ?"

"ಯಾವ ಮಗು?"

"ಅದೇ, ನಿಮ್ಮಕ್ಕ ಕೈ ಹಿಡ್ಕೊಂಡು ಅಂಗಡಿಗೆ ಕರ್ಕೊಂಡು ಬರ್ತಿದ್ಲಲ್ಲ. ನನ್ನ ಮೊಮ್ಮಕ್ಕಳಿಗಿಂತ ವಾಸಿ, ಅದು ಬೇಕು ಇದು ಬೇಕು ಅಂತ ರಚ್ಚೆ ಹಿಡೀತಿರ್ಲಿಲ್ಲ."

ಯಾರೋ ನಕ್ಕರು. ತಮ್ಮನ ಆಫೀಸಿನವರೂ ಅಲ್ಲಿದ್ದರು.

"ಅದಾ? ಕಂಪನಿಯವರು ವಾಪಸ್ ತಗೊಂಡು ಹೋದ್ರು," ಎಂದ, ಅದೇ ತಗ್ಗಿದ ದನಿಯಲ್ಲಿ.

"ಅಯ್ಯೋ! ಕೊನೇ ಸಲ ಅಮ್ಮನ ಮುಖ ತೋರಿಸ್ಬಾರದಿತ್ತೇ?"

*

ಹೋದ ವರ್ಷ ತಮ್ಮನ ಮನೆಯ ಊಟಕ್ಕೆ ಅಕ್ಕ ಅದನ್ನು ಕರೆತಂದಿದ್ದಳು. ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅದರ ಮುಂದೆಯೂ ಒಂದು ತಟ್ಟೆ ಇಟ್ಟಳು.

"ಇವನಿಗೆ ಅನ್ನ ಬಡಿಸ್ಲಾ, ಕರೆಂಟು ಬಡಿಸ್ಲಾ?" ಎಂದರು ಊಟಕ್ಕೆ ಬಂದಿದ್ದ ತಮ್ಮನ ಮೇಲಧಿಕಾರಿ. ಇಡೀ ಮನೆ ನಕ್ಕಿತು. ಅಕ್ಕನೂ ನಕ್ಕಳು. ಅವಳು ನಕ್ಕಿದ್ದನ್ನೇ ತಮ್ಮನಿಗೆ ತಡೆಯಲಾಗಲಿಲ್ಲ.

ಗೇಟಿನ ಬಳಿ ಹೇಳಿದ: "ಅಕ್ಕಾ, ನನ್ನ ಮಾನ ತೆಗೀಬೇಡ. ಬರೋದಾದ್ರೆ ಇದನ್ನ ಬಿಟ್ಟು ಬಾ."

"ಒಂದನ್ನೇ ಹೇಗೆ ಬಿಟ್ಟು ಬರಲೋ, ಹೆದರ್ಕೊಳ್ಳುತ್ತೆ."

ಆಮೇಲೆ ಅವಳು ಬರಲಿಲ್ಲ. ಆಗಾಗ ಫೋನ್ ಮಾಡುತ್ತಿದ್ದಳು, ಅಷ್ಟೇ.

*

"ಹೊತ್ತಾಯ್ತು, ಎತ್ತೋಣ," ಎಂದು ತಮ್ಮ ಗಟ್ಟಿಯಾಗಿ ಹೇಳಿದ.

ಕಪಾಟಿನೊಳಗಿಂದ ಎಳೆಯ ದನಿ ಬಂತು: "ಅಮ್ಮಾ, ಮಾಮನ ದನಿ! ಮಾಮ ಬಂದ್ರಾ?"

ಅಕ್ಕ ಫೋನಿನಲ್ಲಿ ಅವನ ಮಾತನ್ನು ಅದಕ್ಕೂ ಕೇಳಿಸುತ್ತಿದ್ದಳೆಂದು ಅವನಿಗೆ ಈಗ ತಿಳಿಯಿತು. ಮಾಮ ಎನ್ನುವುದನ್ನೂ ಅವಳೇ ಕಲಿಸಿದ್ದಿರಬೇಕು.

"ಬಾಗಿಲು ತೆಗಿಯಪ್ಪಾ," ಎಂದಳು ಅಜ್ಜಿ. "ಕತ್ತಲಲ್ಲಿದೆ, ಪಾಪ."

ತೆಗೆದ. ಅದು ಎರಡೂ ಕೈ ಚಾಚಿತು. ಯಾರ ಮುಖವನ್ನೂ ನೋಡಲಾರದೆ ಅವನು ಅದನ್ನು ಎತ್ತಿಕೊಂಡು ಅಕ್ಕನ ಬಳಿಗೆ ನಡೆದ. ತುರುಕಿದ ರಭಸಕ್ಕೆ ಅದರ ಪ್ಯಾಂಟಿನ ಅಂಚಿನ ಹೊಲಿಗೆ ಬಿಚ್ಚಿಹೋಗಿತ್ತು. ಮಗು ಬೆಳೆದಾಗ ಉದ್ದ ಮಾಡಲೆಂದು ಅಕ್ಕ ಒಳಗೆ ಮಡಚಿ ಹೊಲಿದಿದ್ದ ನಾಲ್ಕು ಬೆರಳು ಬಟ್ಟೆ ಜಾರಿ ಬಂದು, ಆ ಪುಟ್ಟ ಪಾದಗಳನ್ನು ಮುಚ್ಚಿ, ಕೆಳಗೆ ತೂಗಾಡುತ್ತಿತ್ತು.