ತಮ್ಮನ ರಕ್ತ

ಗೋದಾಮಿನಲ್ಲಿ ಕ್ರೇನ್ ನಡೆಸುವವನನ್ನು ಎಲ್ಲರೂ ಕ್ರೇನಣ್ಣ ಎಂದೇ ಕರೆಯುತ್ತಿದ್ದರು. ಐವತ್ತರ ಅಂಚಿನ ಆಸಾಮಿ, ಶರ್ಟಿನ ಗುಂಡಿ ಕಿತ್ತುಬರುವಂಥ ಹೊಟ್ಟೆ. ಹಿಂದಿನ ವರ್ಷದ ತಪಾಸಣೆಯಲ್ಲೇ ಕಂಪನಿಯ ಡಾಕ್ಟರಮ್ಮ ಎಚ್ಚರಿಸಿದ್ದರು: "ಕೊಲೆಸ್ಟ್ರಾಲ್ ಜಾಸ್ತಿ ಇದೆ. ಮೇಲೆ ಕೂತಿದ್ದಾಗ ಎದೆ ಹಿಡ್ಕೊಂಡ್ರೆ ಕೆಳಗಿರೋರ ಗತಿ ಏನು? ಮುಂದಿನ ಸಲಕ್ಕೆ ಅದು ಇಳೀದಿದ್ರೆ ನಿಮ್ಮನ್ನ ಇಳಿಸ್ತೀನಿ."

ಬರೆದುಕೊಟ್ಟ ಮಾತ್ರೆಯನ್ನು ಅವನು ಮುದುಕರ ಔಷಧಿ ಎಂದು ಮೂಲೆಗೆಸೆದ. ಕರಿದದ್ದನ್ನು ಬಿಡಲಿಲ್ಲ, ಸಿಗರೇಟನ್ನೂ ಬಿಡಲಿಲ್ಲ. ಮತ್ತೆ ತಪಾಸಣೆ ಬಂದಾಗ ತಮ್ಮನ ನೆನಪಾಯಿತು.

ತಮ್ಮ ಟೈಲರ್. ಕಡ್ಡಿಯಂಥ ಆಳು, ಜೋರಾಗಿ ಗಾಳಿ ಬಂದರೆ ಹಾರಿಹೋದೀಯ, ಕಿಸೆಯಲ್ಲಿ ಕತ್ತರಿ ಇಟ್ಟುಕೊಳ್ಳೋ ಎಂದು ಮನೆಮಂದಿ ನಗುತ್ತಿದ್ದರು.

"ಲ್ಯಾಬಲ್ಲಿ ಮುಖ ಯಾರೂ ನೋಡಲ್ಲ ಕಣೋ. ನನ್ನ ಹೆಸರು ಹೇಳಿ ತೋಳು ಚಾಚು, ಅಷ್ಟೇ."

"ತಪ್ಪಲ್ವಾ ಅಣ್ಣಾ?"

"ನನ್ನ ಕೆಲಸ ಹೋದ್ರೆ ಸರೀನಾ?"

ಅಣ್ಣನ ಮಾತಿಗೆ ಎದುರಾಡಿ ಗೊತ್ತಿಲ್ಲದವನು, ಹೋಗಿ ಬಂದ.

ಡಾಕ್ಟರಮ್ಮ ಕರೆಸಿದಾಗ ಕ್ರೇನಣ್ಣ ಸಿಳ್ಳೆ ಹಾಕುತ್ತಲೇ ಹೋದ.

"ಏನ್ರೀ ಇದು, ಹೋದ ವರ್ಷಕ್ಕಿಂತ ಎಷ್ಟೋ ಮೇಲೆ ಹೋಗಿದೆ! ಇದು ಬರೀ ತಿಂದು ಬಂದಿದ್ದಲ್ಲ, ವಂಶದಲ್ಲೇ ಇರೋ ಹಾಗಿದೆ. ನಿಮ್ಮ ತಂದೆ ಹೇಗೆ ತೀರ್ಕೊಂಡ್ರು?"

"ಕೆಲಸದ ಜಾಗದಲ್ಲೇ ಕುಸಿದುಬಿದ್ರು. ನಲವತ್ತಾರಕ್ಕೆ."

ಹೇಳಿದ ಮೇಲೆ ಹೊಳೆಯಿತು: ತಮ್ಮನಿಗೂ ಈಗ ಅದೇ ವಯಸ್ಸು.

"ತಡ ಮಾಡ್ಬೇಡಿ, ಹೃದಯದ ಪರೀಕ್ಷೆ ಆಗ್ಲೇಬೇಕು. ಅದಾಗೋವರೆಗೂ ಕ್ರೇನ್ ಹತ್ಬೇಡಿ," ಎಂದರು ಆಕೆ. ರಕ್ತ ತನ್ನದಲ್ಲ, ತಮ್ಮನದು ಎಂದರೆ ಕ್ರೇನಣ್ಣನ ಮಾನ ಹೋಗುತ್ತಿತ್ತು. ತಲೆಯಾಡಿಸಿ ಎದ್ದುಬಂದ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದ.

ಕೊನೆಗೊಂದು ಸಂಜೆ ಅಂಗಡಿಗೆ ಹೋದ. ತಮ್ಮ ಮಿಷನ್ ನಿಲ್ಲಿಸಿ ಎದೆ ನೀವಿಕೊಳ್ಳುತ್ತಿದ್ದ.

"ಏನಿಲ್ಲ ಅಣ್ಣಾ, ಬಗ್ಗಿ ಹೊಲಿದು ಹೊಲಿದು ಹಿಡ್ಕೊಂಡಿದೆ. ಈಚೆಗೆ ಮೆಟ್ಟಿಲು ಹತ್ತಿದ್ರೂ ಹೀಗೇ."

ಕ್ರೇನಣ್ಣ ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಗುಂಡಿ ಹಚ್ಚುತ್ತಿದ್ದ ತಮ್ಮನ ಹೆಂಡತಿ ತಲೆಯೆತ್ತಿದಳು. "ಇಷ್ಟು ದಿನ ಗೊತ್ತಿತ್ತಾ ಭಾವಾ?"

ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು ಅವನಿಗೆ.

ತಮ್ಮನನ್ನು ಕರೆದುಕೊಂಡು ನೇರ ಡಾಕ್ಟರಮ್ಮನ ಬಳಿಗೇ ಹೋಗಿ ತಪ್ಪೊಪ್ಪಿಕೊಂಡ. "ನಿಮ್ಮನ್ನ ಆಮೇಲೆ ನೋಡ್ಕೋತೀನಿ," ಎಂದು ಆಕೆ ಟೈಲರನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೃದಯದ ರಕ್ತನಾಳ ಮುಕ್ಕಾಲು ಕಟ್ಟಿಹೋಗಿತ್ತು. ಸ್ಟೆಂಟ್ ಹಾಕಿದರು; ಉಳಿದುಕೊಂಡ. ಕ್ರೇನಣ್ಣನನ್ನು ಕ್ರೇನಿನಿಂದ ಪೂರ್ತಿ ಇಳಿಸಿ ಗೇಟಿನ ಕೆಲಸಕ್ಕೆ ಹಾಕಿದರು. ಈ ಸಲ ತನ್ನದೇ ರಕ್ತ ಕೊಟ್ಟ. ಅದರಲ್ಲೂ ಕೊಲೆಸ್ಟ್ರಾಲ್ ಇಳಿದಿರಲಿಲ್ಲ. ಮಾತ್ರೆ ನುಂಗತೊಡಗಿದ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ನೋಡಲು ಬಂದವರಿಗೆಲ್ಲ ತಮ್ಮ ಒಂದೇ ಮಾತು ಹೇಳುತ್ತಿದ್ದ: "ಅಣ್ಣ ಟೆಸ್ಟಿಗೆ ಕಳಿಸಿದ್ದಕ್ಕೆ ಬದುಕಿದೆ."

"ಅಣ್ಣ ಅಂದ್ರೆ ಹೀಗಿರ್ಬೇಕು," ಎಂದರು ಪಕ್ಕದ ಮನೆಯವರು, ಅಲ್ಲೇ ಕೂತಿದ್ದ ಕ್ರೇನಣ್ಣನನ್ನು ನೋಡಿ.

ತಮ್ಮನ ಹೆಂಡತಿ ಒಳಗೆ ನಡೆದಳು. ಒಂದು ಬೈಗುಳವನ್ನೂ ಆಡದೆ ಹೋದ ಆಕೆಯ ಬೆನ್ನನ್ನು ನೋಡಲಾಗದೆ ಕ್ರೇನಣ್ಣ ಎದ್ದುನಿಂತ.

"ನಾನು ಕಳಿಸಿದ್ದು ಇವನಿಗೋಸ್ಕರ ಅಲ್ಲ. ನನ್ನ ಹೊಟ್ಟೆಪಾಡಿಗೆ," ಎಂದ.

ತಮ್ಮ ಹೊದಿಕೆಯ ಅಂಚು ಹಿಡಿದು ಕೂತ. ಕ್ರೇನಣ್ಣ ಚಪ್ಪಲಿ ಮೆಟ್ಟಿ, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದ.