ಎಡಗಿವಿಗೆ ನಲವತ್ತು ಪುಟ

ನಮ್ಮ ಯಜಮಾನರು ಕಾಲೇಜಿನಲ್ಲಿ ಸಾಹಿತ್ಯದ ಮೇಷ್ಟ್ರು. ಅವರ ತಮ್ಮ ರಾಕ್ ಹಾಡುಗಾರ. ಅಪ್ಪ ತೀರಿಕೊಂಡ ಮೇಲೆ ತಮ್ಮ ಅವರ ಕ್ಷೌರದಂಗಡಿಯ ಕುರ್ಚಿ ಮಾರಿ ಗಿಟಾರ್ ತಂದ. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ ಕತೆಯಿಲ್ಲ. ಆದರೂ ತಮ್ಮನ ಹೊಸ ಹಾಡು ಊರೆಲ್ಲ ಗುಲ್ಲೆಬ್ಬಿಸಿದಾಗ ಅದರ ಒಗಟು ಬಿಡಿಸಲು ಮೊದಲು ಟೊಂಕ ಕಟ್ಟಿದವರು ನಮ್ಮವರೇ.

"ಕೃತಿ ಬೇರೆ, ಕರ್ತೃ ಬೇರೆ. ಜಗಳ ಇರೋದು ಅವನ ಹತ್ರ, ಹಾಡಿನ ಹತ್ರ ಅಲ್ಲ," ಎಂದರು.

ಹಾಡು ಹೀಗಿತ್ತು:

ಹಲಗೆಯ ಮೇಲೆ ಕೂತ ರಾಜನೇ,
ನಿನ್ನ ಎಡಗಿವಿಯ ಕೆಂಪು ಇನ್ನೂ ನನ್ನ ಬೆರಳಲ್ಲಿದೆ.
ಬಿಳಿ ಬಟ್ಟೆಗೆ ಗೊತ್ತು, ಕನ್ನಡಿಗೂ ಗೊತ್ತು,
ನೀನು ಮಾತ್ರ ಬಾಯಿಬಿಡಲಿಲ್ಲ.

ಯಜಮಾನರ ಪ್ರಕಾರ ರಾಜನೆಂದರೆ ಅಧಿಕಾರ, ಬಿಳಿ ಬಟ್ಟೆಯೆಂದರೆ ಸಾವು, ಕನ್ನಡಿಯೆಂದರೆ ಚರಿತ್ರೆ. ಎಡಗಿವಿಯೊಂದಕ್ಕೇ ನಲವತ್ತು ಪುಟ. ಎಡಪಂಥದ ಕಿವುಡುತನವೆಲ್ಲ ಅದರಲ್ಲೇ ಅಡಗಿದೆಯಂತೆ! ಬರೆಯುತ್ತ ಬರೆಯುತ್ತ ತಮ್ಮ ಬಲಗಿವಿಯ ಹಳೆಯ ಗಾಯದ ಗುರುತು ಸವರಿಕೊಳ್ಳುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಕಾಫಿ ಇಟ್ಟು ಬರುತ್ತಿದ್ದೆ.

ಯಾಕೆಂದರೆ ಮೈದುನ ಫೋನಿನಲ್ಲಿ ನನಗೆ ಎಲ್ಲ ಹೇಳಿದ್ದ. ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಊಟಕ್ಕೆ ಹೋದಾಗ ಅಣ್ಣನನ್ನು ಅಂಗಡಿಯ ಕುರ್ಚಿಗೆ ಹಲಗೆ ಹಾಕಿ ಕೂರಿಸಿ, ಬಿಳಿ ಬಟ್ಟೆ ಹೊದಿಸಿ, ಕತ್ತರಿ ಆಡಿಸಲು ಹೋಗಿ ಕಿವಿ ಕೊಯ್ದಿದ್ದನಂತೆ. ಅಣ್ಣ "ನಾನೇ ಮಾಡ್ಕೊಂಡೆ" ಎಂದು ಅಪ್ಪನ ಕೈಲಿ ಏಟು ತಿಂದ. ಕಟ್ಟಿಕೊಂಡ ಹೆಂಡತಿಗೂ ಅವರು "ಬಿದ್ದ ಗಾಯ" ಎಂದೇ ಹೇಳಿದ್ದರು. ಹಾಡಲ್ಲಿ ಎಡಗಿವಿ ಯಾಕೆ ಬಂತೆಂದು ಮಾತ್ರ ನನಗೂ ಹೊಳೆದಿರಲಿಲ್ಲ.

"ಅಣ್ಣಂಗೆ ಹಾಡು ಅರ್ಥ ಆಯ್ತಾ ಅತ್ತಿಗೆ?" ಮೈದುನ ಮತ್ತೆ ಮತ್ತೆ ಕೇಳುತ್ತಿದ್ದ.

"ಅರ್ಥ ಜಾಸ್ತಿ ಆಗಿರೋದೇ ತೊಂದರೆ ಕಣಪ್ಪ. ನಾನೇ ಹೇಳಿಬಿಡ್ಲಾ?"

"ಬೇಡ. ನೀವು ಹೇಳಿದ್ರೆ ಚಾಡಿ ಆಗತ್ತೆ. ಅವನಾಗೇ ತಿಳ್ಕೊಂಡು ಕರೆದ್ರೆ ಬರ್ತೀನಿ, ಇಲ್ಲಾಂದ್ರೆ ಈ ಜನ್ಮದಲ್ಲಿ ಇಲ್ಲ."

ಹಟದಲ್ಲಿ ಇಬ್ಬರೂ ಒಂದೇ. ನಡುವೆ ನನ್ನ ಪ್ರಾಣ ಹೋಗುತ್ತಿತ್ತು.

ಹಾಡಿನ ಮೇಲೆ ಭಾಷಣವಿದ್ದ ದಿನ ಯಜಮಾನರು ಗಡ್ಡ ಬೋಳಿಸಿಕೊಂಡು, ಕೊರಳಲ್ಲಿ ಬಿಳಿ ಟವೆಲ್ ಇದ್ದಂತೆಯೇ ಬೀರುವಿನ ಕನ್ನಡಿ ಮುಂದೆ ತಾಲೀಮು ಶುರು ಮಾಡಿದರು.

"ಹಾಗಾದರೆ ಸಭಿಕರೇ, ಈ ಎಡಗಿವಿ ಯಾರದ್ದು?" ಎಂದು ಕನ್ನಡಿಯೊಳಗಿನ ಮನುಷ್ಯನತ್ತ ಬೆರಳು ತೋರಿಸಿದರು. ಬೆರಳು ಅಲ್ಲೇ ನಿಂತಿತು. ಅವನಿಗೆ ಗಾಯವಿದ್ದದ್ದು ಎಡಗಿವಿಗೇ.

ಟವೆಲ್ ನೋಡಿಕೊಂಡರು. ಮಂಚದ ಮೇಲೆ ಕುಕ್ಕರಿಸಿದರು. ಆಮೇಲೆ ನನ್ನ ಫೋನ್ ಕಸಿದುಕೊಂಡು ತಮ್ಮನಿಗೆ ಮಾಡಿದರು.

"ಎಡಗಿವಿ ಅಲ್ವೋ ಮಂಕೆ, ಬಲಗಿವಿ! ಕನ್ನಡೀಲಿ ನೋಡಿದ್ದನ್ನೇ ಬರ್ದಿದೀಯಲ್ಲೋ!"

ಆ ಕಡೆಯಿಂದ ಮೈದುನನ ದನಿ ನನಗೂ ಕೇಳಿಸಿತು.

"ತುಂಬಾ ನೋವಾಗಿತ್ತಾ ಅಣ್ಣಾ?"

ಒಂದು ಪದ ಸಿಕ್ಕರೆ ಗಂಟೆಗಟ್ಟಲೆ ಕೊರೆಯುವ ನಮ್ಮ ಮೇಷ್ಟ್ರು ಫೋನನ್ನು ನನ್ನ ಕೈಗೆ ತುರುಕಿದರು.

"ಆಗಿತ್ತಂತೆ ಕಣಪ್ಪ," ಎಂದೆ. "ಊಟಕ್ಕೆ ಬಾ."