ಕ್ಲ್ಯಾರಿ ಕುಡಿದ ನೀರು

ನಲ್ಲಿಯ ಹಿಡಿ ಎಳೆದರೆ ಬಿಯರ್ ಬರಲಿಲ್ಲ. ಬಿಕ್ಕಳಿಸಿದ ಹಾಗೆ ಒಂದು ಸದ್ದು ಬಂತು, ಅಷ್ಟೇ. ನೊರೀನ್ ತನ್ನ ಶೆಡ್ಡಿನ ಫ್ರೀಜರಿನ ಮುಚ್ಚಳ ಎತ್ತಿ ನೋಡಿದಳು. ಒಳಗಿದ್ದ ಉಕ್ಕಿನ ಬಿಯರ್ ಪೀಪಾಯಿಯ ಮೈಗೆ ಬೆರಳು ದಪ್ಪದ ಹಿಮ ಹತ್ತಿತ್ತು. ತಟ್ಟಿದರೆ ಕಲ್ಲು ತಟ್ಟಿದ ಹಾಗೆ.

ಹೊರಗೆ ಜನವರಿಯ ನಡುಬೇಸಿಗೆಯ ಬಿಸಿಲು, ಬೆಳಗ್ಗೆ ಒಂಬತ್ತಕ್ಕೇ ಮೂವತ್ತೆಂಟು ಡಿಗ್ರಿ. ನಾಲ್ಕು ಗಂಟೆಗೆ ಪಕ್ಕದ ಮನೆಯ ಲಿಂಡ್ಸೆಯ ಅಂಗಳದಲ್ಲಿ ಪಂದ್ಯ. ಪೀಟರ್‌ಬರೋದಲ್ಲಿ ಮನೆಯಲ್ಲೇ ಬಿಯರ್ ಮಾಡುವವರೆಲ್ಲ ಸೇರುತ್ತಾರೆ. ಗೆದ್ದವರಿಗೆ ಸಿಗುವುದು ಒಂದು ನೆಗ್ಗಿದ ಹಿತ್ತಾಳೆ ನಲ್ಲಿ; ಗುಜರಿಯವನೂ ಮುಟ್ಟಲಾರ. ಆದರೆ ನಾಲ್ಕು ವರ್ಷದಿಂದ ಅದನ್ನು ಗೆಲ್ಲುತ್ತಿದ್ದ ಲಿಂಡ್ಸೆ ತನ್ನ ಶೆಡ್ಡಿನ ಹೊರಗೋಡೆಗೆ, ಸರಿಯಾಗಿ ನೊರೀನಳ ಅಡುಗೆಮನೆ ಕಿಟಕಿಗೆ ಎದುರಾಗಿ ಮೊಳೆ ಹೊಡೆದು ಸಿಕ್ಕಿಸಿದ್ದ. ಪಾತ್ರೆ ತೊಳೆಯುವಾಗೆಲ್ಲ ಅದು ಕಣ್ಣಿಗೆ ಹೊಳೆಯುತ್ತಿತ್ತು. ತೀರ್ಪುಗಾರರದ್ದು ಪ್ರತಿ ವರ್ಷವೂ ಒಂದೇ ರಾಗ: "ರುಚಿ ಚೆನ್ನಾಗಿದೆ ನೊರೀನ್, ಆದ್ರೆ ಬಣ್ಣ ಮಬ್ಬು." ಅದಕ್ಕೇ ಒಂದು ಅಂಕ ಕಡಿತ, ಅದರಲ್ಲೇ ಸೋಲು.

ಫ್ರೀಜರ್ ಹೀಗೆ ಮಾಡುವಂಥದ್ದಲ್ಲ. ಅದರ ವಿದ್ಯುತ್ತನ್ನು ಒಂದು ಪುಟ್ಟ ಡಬ್ಬಿ ಕಾಯುತ್ತಿತ್ತು. ಡಬ್ಬಿಯಿಂದ ಹೊರಟ ತಂತಿಯ ತುದಿ ಒಳಗೆ, ಜಾಮ್ ಬಾಟಲಿಯ ನೀರಿನಲ್ಲಿ ಮುಳುಗಿರುತ್ತಿತ್ತು. ನೀರು ನಾಲ್ಕು ಡಿಗ್ರಿಗಿಂತ ಬಿಸಿಯಾದರೆ ಫ್ರೀಜರ್ ಓಡುತ್ತದೆ, ನಾಲ್ಕಕ್ಕೆ ಬಂದರೆ ನಿಲ್ಲುತ್ತದೆ. ಈಗ ಬಾಟಲಿ ಬರಿದು. ತಂತಿಯ ತುದಿ ಫ್ರೀಜರಿನ ಹೊರಗೆ, ಸೆಕೆಯಲ್ಲಿ ನೇತಾಡುತ್ತಿತ್ತು.

"ಕ್ಲ್ಯಾರಿ!"

ಮೊನ್ನೆ ಅಡಿಲೇಡ್‌ನಿಂದ ಕಾರು ಓಡಿಸಿಕೊಂಡು ಬಂದಿದ್ದ ತಮ್ಮ ಕ್ಲ್ಯಾರಿ, ಚಡ್ಡಿಯಲ್ಲೇ ಬಾಗಿಲಿಗೆ ಬಂದ. ಐವತ್ತೆಂಟು ವರ್ಷದ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು.

"ಈ ಬಾಟಲಿ ನೀರು ಏನಾಯ್ತೋ?"

"ಅದಾ? ಮೊನ್ನೆ ಬಂದಾಗ ಗಂಟಲು ಒಣಗಿತ್ತಕ್ಕಾ. ಬಿಯರ್ ಮುಟ್ಟಬೇಡ ಅಂದಿದ್ದೆಯಲ್ಲ, ಮುಟ್ಟಲಿಲ್ಲ ನೋಡು. ನೀರು ಕುಡಿದೆ."

"ಒಳಗೆ ತಂತಿ ಇತ್ತಲ್ಲೋ!"

"ಮೂಗಿಗೆ ಚುಚ್ಚಿತು. ಅದಕ್ಕೇ ತೆಗೆದು ಹೊರಗೆ ಹಾಕಿದೆ."

"ಅದು ಆಗಸ್ಟ್ ತಿಂಗಳ ನೀರು."

ಕ್ಲ್ಯಾರಿ ಹೊಟ್ಟೆ ಸವರಿಕೊಂಡ. "ಹಾಗಾದ್ರೆ ಪ್ಲಾಸ್ಟಿಕ್ ರುಚಿ ನನ್ನ ಭ್ರಮೆಯಲ್ಲ."

ಎರಡು ದಿನ ಆ ತಂತಿ ಶೆಡ್ಡಿನ ನಲವತ್ತು ಡಿಗ್ರಿಯನ್ನು ಅಳೆದು, 'ಬಿಸಿ, ಬಿಸಿ' ಎಂದು ಫ್ರೀಜರಿಗೆ ಚಾಡಿ ಹೇಳಿತ್ತು. ಅದು ಪಾಪ, ಬಿಡುವಿಲ್ಲದೆ ದುಡಿದಿತ್ತು.

ನೊರೀನ್ ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳು; ಗದ್ದಲದ ನಡುವೆ ಯೋಚಿಸುವುದು ಅವಳಿಗೆ ಗೊತ್ತು. ಬೈಗುಳವನ್ನು ಆಮೇಲಕ್ಕೆ ಎತ್ತಿಟ್ಟಳು. ಇಬ್ಬರೂ ಸೇರಿ ಪೀಪಾಯಿಯನ್ನು ಹಳೆಯ ಸ್ನಾನದ ತೊಟ್ಟಿಗೆ ಇಳಿಸಿದರು. ತಣ್ಣೀರಿನ ನಲ್ಲಿ ತಿರುಗಿಸಿದಳು. ಜನವರಿಯಲ್ಲಿ ಆ ಊರಿನ ತಣ್ಣೀರಿನ ನಲ್ಲಿಯಲ್ಲೂ ಬರುವುದು ಬಿಸಿನೀರೇ. ಬಿಯರ್ ಎಷ್ಟು ಡಿಗ್ರಿಗೆ ಬಂತೆಂದು ಡಬ್ಬಿ ತೋರಿಸಲಿ ಎಂದು ತಂತಿಯ ತುದಿಯನ್ನು ಪೀಪಾಯಿಯ ಮೇಲುಭಾಗಕ್ಕೆ ಟೇಪಿನಿಂದ ಅಂಟಿಸಿ, ಮೇಲೆ ಬಟ್ಟೆ ಸುತ್ತಿದಳು.

"ನೀನೂ ಇಳಿ. ತಬ್ಬಿಕೊಂಡು ಕೂತಿರು. ಅಲ್ಲಾಡಿತೋ, ಈ ವರ್ಷದ ಕ್ರಿಸ್‌ಮಸ್ ನಿನಗೆ ಅಡಿಲೇಡ್‌ನಲ್ಲೇ."

ಊರೆಲ್ಲ ಬೇಯುತ್ತಿತ್ತು. ಕ್ಲ್ಯಾರಿ ಒಬ್ಬನೇ ಎದೆಗೆ ಹಿಮ ಅಪ್ಪಿಕೊಂಡು ಕಣ್ಣು ಮುಚ್ಚಿ ಕೂತ.

"ಶಿಕ್ಷೆ ಹೇಗಿದೆಯೋ?"

"ಮುಗಿಸಬೇಡಕ್ಕಾ."

ಎರಡೂವರೆಗೆ ಒಳಗಿನ ಹಿಮವೆಲ್ಲ ಕರಗಿತು. ಮೂರೂವರೆಗೆ ಡಬ್ಬಿ ನಾಲ್ಕು ತೋರಿಸಿತು. ನಲ್ಲಿಯಿಂದ ಮೊದಲೆರಡು ಲೋಟ ಕೆಸರಿನ ಹಾಗೆ ಬಂದವು. ಕ್ಲ್ಯಾರಿ ಅವೆರಡನ್ನೂ ಗುಟುಕರಿಸಿ, ಕಷ್ಟಪಟ್ಟು ಮುಖ ಸಿಂಡರಿಸಿದ. ಮೂರನೆಯ ಲೋಟವನ್ನು ಬೆಳಕಿಗೆ ಹಿಡಿದಾಗ ನೊರೀನಳಿಗೆ ಅದರ ಮೂಲಕ ಆಚೆಯ ಬೇಲಿಯ ಒಂದೊಂದು ಮೊಳೆಯೂ ಕಂಡಿತು. ಇಷ್ಟು ವರ್ಷ, ಕೆಡುತ್ತದೆಂಬ ಭಯಕ್ಕೆ ಅವಳು ನಾಲ್ಕಕ್ಕಿಂತ ಕೆಳಗೆ ಇಳಿಸಿಯೇ ಇರಲಿಲ್ಲ. ಈಗ ಎರಡು ದಿನದ ವಿಪರೀತ ಚಳಿಗೆ ಮಬ್ಬೆಲ್ಲ ತಳಕ್ಕೆ ಇಳಿದು ಕೂತು, ಮೊದಲೆರಡು ಲೋಟದಲ್ಲೇ ಹೊರಬಂದಿತ್ತು.

ಪೀಪಾಯಿಯನ್ನು ಮಗುವಿನಂತೆ ಎತ್ತಿಕೊಂಡು ಇಬ್ಬರೂ ಪಕ್ಕದ ಅಂಗಳಕ್ಕೆ ನಡೆದರು. ಮೂವರು ತೀರ್ಪುಗಾರರು ಲೋಟವನ್ನು ಬಿಸಿಲಿಗೆ ಹಿಡಿದರು, ಮೂಸಿದರು, ಕುಡಿದರು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡರು. ಒಂದೇ ಅಂಕದಲ್ಲಿ ನೊರೀನ್ ಗೆದ್ದಳು.

ಲಿಂಡ್ಸೆ ಮೊಳೆ ಕಿತ್ತು ಹಿತ್ತಾಳೆ ನಲ್ಲಿಯನ್ನು ಅವಳ ಕೈಗಿಟ್ಟ. ಕೊಡುವ ಮುನ್ನ ಅಂಗಿಯ ತುದಿಯಿಂದ ಒಮ್ಮೆ ಒರೆಸಿದ.

"ನಿಜ ಹೇಳು ನೊರೀನ್. ಇಷ್ಟು ತಿಳಿಯಾಗಿದ್ದು ಹೇಗೆ?"

"ನಮ್ಮ ಕ್ಲ್ಯಾರಿ ನನ್ನ ನೀರು ಕುಡಿದ."

"ಹೇಳೋಕೆ ಇಷ್ಟವಿಲ್ಲದಿದ್ರೆ ಬೇಡ ಬಿಡು. ಗೇಲಿ ಯಾಕೆ?"

"ದೇವರಾಣೆ, ಅಷ್ಟೇ ಕಣೋ."

ಅವನು ಮುಖ ದಪ್ಪ ಮಾಡಿಕೊಂಡು ಹೋದ. ನೊರೀನ್ ನಲ್ಲಿಯನ್ನು ತನ್ನ ಶೆಡ್ಡಿನ ಹೊರಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದಳು. ಲಿಂಡ್ಸೆಯ ಅಡುಗೆಮನೆ ಕಿಟಕಿ ಎಲ್ಲಿದೆಯೆಂದು ಎರಡು ಸಲ ನೋಡಿಕೊಂಡೇ.

ಮರುದಿನ ಬೆಳಗ್ಗೆ ಕ್ಲ್ಯಾರಿ ಹೊರಡಲು ಕಾರಿಗೆ ಚೀಲ ತುಂಬುತ್ತಿದ್ದಾಗ ಬೇಲಿಯ ಮೇಲೆ ಲಿಂಡ್ಸೆಯ ಟೋಪಿ ಕಾಣಿಸಿತು, ಆಮೇಲೆ ತಲೆ.

"ಕ್ಲ್ಯಾರಿ, ಮುಂದಿನ ಜನವರಿಗೂ ಬರ್ತೀಯಲ್ಲ?"

"ಬರ್ತೀನಿ. ಯಾಕೆ?"

ಲಿಂಡ್ಸೆ ನೊರೀನಳ ಕಿಟಕಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ನಮ್ಮನೆಯಲ್ಲಿ ಉಳ್ಕೋ ಮಾರಾಯ. ಶೆಡ್ಡಿಗೆ ಬೀಗ ಹಾಕಲ್ಲ. ಬಾಯಾರಿಕೆ ಆದಾಗ ಸಂಕೋಚ ಮಾಡ್ಕೋಬೇಡ."